ಬಿಸಿಲೂ ಇಲ್ಲೇ ಇದೆ, ಹಾಳು ಕೋಟೆಯೂ ಇಲ್ಲೇ ಇದೆ, ಪೆರುವಿಗೆ ಯಾಕೆ ಹೋದಿರಿ?

ದಕ್ಷಿಣ ಅಮೆರಿಕದ ಪೆರು ದೇಶ ನೋಡಿಕೊಂಡು ಬಂದು ಎರಡು ವರ್ಷ ಆಯಿತು. ಮದುವೆ ಊಟಕ್ಕೆ ಕೂತರೂ ಅದೇ, ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಹಾಕ್ಕೆ ನಿಂತರೂ ಅದೇ ಪ್ರಶ್ನೆ. "ಬಿಸಲ್ ನಮ್ಮಲ್ಲೇ ಅದ, ಹಾಳ್ ಬಿದ್ದ ಕೋಟಿ ನಮ್ಮಲ್ಲೇ ಅವ. ಅಷ್ಟ್ ರೊಕ್ಕಾ ಹಾಕಿ ಅಲ್ಲಿಗ್ಯಾಕ ಹೋಗಿದ್ರಿ ಸರ್?"

ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಆಮೇಲೆ ಸ್ವಲ್ಪ ಸಿಟ್ಟು ಬರತೊಡಗಿತು. ಹೀಗೆ ಕೇಳುವವರಲ್ಲಿ ಮುಕ್ಕಾಲು ಮಂದಿ ಕಲಬುರಗಿ ಕೋಟೆಯೊಳಗೂ ಕಾಲಿಟ್ಟಿಲ್ಲ. ಅಲ್ಲಿನ 1367ರ ಜಾಮಿಯಾ ಮಸೀದಿಗೆ ಬಯಲು ಅಂಗಳವೇ ಇಲ್ಲ, ಪೂರ್ತಿ ಚಾವಣಿ ಹಾಕಿದ್ದಾರೆ, ಇಂಥದ್ದು ನಮ್ಮ ದೇಶದಲ್ಲಿ ಬಹಳ ಅಪರೂಪ ಅಂದರೆ "ಹೌದೇನ್ರಿ?" ಅನ್ನುತ್ತಾರೆ. ಆದರೂ ಪ್ರಶ್ನೆ ತಪ್ಪಲ್ಲ. ಆರು ವರ್ಷ ಕೂಡಿಟ್ಟ ದುಡ್ಡು ಅದು. ನನ್ನ ಹೆಂಡತಿಯೂ ಇದನ್ನೇ ಕೇಳಿದ್ದಳು, ಇನ್ನೂ ಗಟ್ಟಿ ದನಿಯಲ್ಲಿ.

ಮೊದಲು ಹಾಳು ಕೋಟೆಯ ಮಾತು. ಕುಸ್ಕೊ ಎಂಬ ಊರು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಇಳಿದ ದಿನ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಸಿಡಿತ. ಹೋಟೆಲಿನವರು ಕೋಕಾ ಎಲೆ ಹಾಕಿದ ಬಿಸಿನೀರು ಕೊಟ್ಟರು. ಹುಲ್ಲಿನ ರುಚಿ. ಈ ಊರು ಪೆರುವನ್ನು ಆಳುತ್ತಿದ್ದ ಇಂಕಾಗಳ ರಾಜಧಾನಿಯಾಗಿತ್ತು. 1533ರಲ್ಲಿ ಸ್ಪೇನಿನವರು ಹಿಡಿದರು. ಇಂಕಾಗಳ ಸೂರ್ಯನ ಗುಡಿ ಕೊರಿಕಾಂಚಾದ ಗೋಡೆಗಳ ಮೇಲೆಯೇ ತಮ್ಮ ಚರ್ಚು ಕಟ್ಟಿಕೊಂಡರು. 1950ರ ಭೂಕಂಪದಲ್ಲಿ ಮೇಲಿನ ಚರ್ಚು ಬಿದ್ದು ಹಾಳಾಯಿತು, ಕೆಳಗಿನ ಇಂಕಾ ಗೋಡೆ ನಿಂತೇ ಇತ್ತು! ಕಲ್ಲುಗಳ ನಡುವೆ ಗಾರೆ ಇಲ್ಲ. ಗೋಡೆ ಸ್ವಲ್ಪ ಒಳಕ್ಕೆ ವಾಲಿದೆ. ಕಲ್ಲು ಕಲ್ಲಿಗೆ ಹಲ್ಲು ಕಚ್ಚಿದ ಹಾಗೆ ಕೂತಿದೆ. ಒಂದು ಓಣಿಯ ಗೋಡೆಯಲ್ಲಿ ಸಂದಿಗೆ ಉಗುರು ತುರುಕಿ ನೋಡಿದೆ. ಹೋಗಲಿಲ್ಲ.

ಅದೇ ಓಣಿಯಲ್ಲಿ ಕೆಳಗಿನ ಅರ್ಧ ಗೋಡೆ ಇಂಕಾಗಳದ್ದು, ಮೇಲಿನ ಅರ್ಧ ಸ್ಪೇನಿನವರ ಸುಣ್ಣದ ಗೋಡೆ, ಅದರ ಮೇಲೊಂದು ಮರದ ಬಾಲ್ಕನಿ, ಬಾಲ್ಕನಿಯಲ್ಲಿ ಯಾರೋ ಒಣಹಾಕಿದ ಸಾಕ್ಸ್. ಇಂಥದ್ದು ನಮ್ಮ ಕಡೆ ಕಾಣುವುದಿಲ್ಲ. ನಿಜಾಮರ ರಾಜ್ಯವಾಗಿದ್ದ ನಮ್ಮ ಭಾಗದಲ್ಲಿ ಬ್ರಿಟಿಷರು ಕಟ್ಟಿದ್ದು ಅಂತ ನೋಡಲು ಜಾಸ್ತಿ ಏನಿಲ್ಲ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ, ಮೆಡೋಸ್ ಟೇಲರ್ ಸಾಹೇಬರದ್ದು. ಅದು ಊರಿನಿಂದ ದೂರ ಸರಿದು ಕೂತ ಬಂಗಲೆ. ಕುಸ್ಕೊದಲ್ಲಿ ಹಾಗಲ್ಲ, ಸೋತವರ ಗುಡಿಯ ತಲೆ ಮೇಲೆಯೇ ಕಾಲಿಟ್ಟು ಕಟ್ಟಿದ್ದಾರೆ. ನೋಡಲು ಚೆಂದವಾಗಿದೆ, ಆದರೆ ಹೊಟ್ಟೆಯೊಳಗೆ ಏನೋ ಕಸಿವಿಸಿ.

ಮಾಚು ಪಿಚ್ಚು ಬಗ್ಗೆ ಎಲ್ಲರೂ ಬರೆದಿದ್ದಾರೆ. ಚೆನ್ನಾಗಿದೆ. ಜನ ಜಾಸ್ತಿ.

ಊಟದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಿದ್ದಳು. ಶೇಂಗಾದ ತವರೇ ದಕ್ಷಿಣ ಅಮೆರಿಕ. ಮೆಣಸಿನಕಾಯಿಯೂ ಅಮೆರಿಕ ಖಂಡಗಳಿಂದಲೇ ಬಂದದ್ದು. ಪೆರುವಿನ ಸಿಪಾನ್ ಎಂಬಲ್ಲಿ 1987ರಲ್ಲಿ ಒಬ್ಬ ಹಳೆಯ ದೊರೆಯ ಸಮಾಧಿ ಸಿಕ್ಕಿತು. ಅವನ ಕೊರಳಲ್ಲಿ ಬಂಗಾರ, ಬೆಳ್ಳಿಯ ಶೇಂಗಾಕಾಯಿಗಳ ಸರ ಇತ್ತು. ಅಂಥ ದೇಶಕ್ಕೆ ನಾನು ಡಬ್ಬಿಯಲ್ಲಿ ಶೇಂಗಾ ಹಿಂಡಿ ಹೊತ್ತುಕೊಂಡು ಹೋಗಿದ್ದೆ.

ಈಗ ಬಿಸಿಲು. ಬಿಸಿಲಿದ್ದ ಮಾತ್ರಕ್ಕೆ ಮರುಭೂಮಿ ಆಗಲ್ಲ. ಮೇ ತಿಂಗಳಲ್ಲಿ ನಾವೆಷ್ಟೇ ಬೆಂದರೂ ಜೂನ್‌ಗೆ ಮಳೆ ಬಿದ್ದು ಕರಿ ಹೊಲದಲ್ಲಿ ತೊಗರಿ ಏಳುತ್ತದೆ. ವರ್ಷಕ್ಕೆ 700 ಮಿಲಿಮೀಟರ್ ಮೇಲೆ ಮಳೆ ನಮ್ಮದು. ಪೆರುವಿನ ಮರುಭೂಮಿಯ ಊರು ನಾಸ್ಕಾದಲ್ಲಿ ಕೆಲವೇ ಮಿಲಿಮೀಟರ್. ಸಮುದ್ರ ದೂರವೇನಿಲ್ಲ, ಆದರೆ ಹಂಬೋಲ್ಟ್ ಎಂಬ ತಣ್ಣನೆಯ ಸಮುದ್ರದ ಹರಿವಿನಿಂದ ಅದರ ನೀರು ತಣ್ಣಗಿರುತ್ತದೆ. ತಣ್ಣೀರಿನ ಮೇಲಿನ ಗಾಳಿ ಮೇಲೇಳಲ್ಲ, ಮಂಜು ಕವಿಯುತ್ತದೆಯೇ ಹೊರತು ಮಳೆ ಬರಲ್ಲ. ಆಚೆ ಅಮೆಜಾನ್ ಕಡೆಯ ಮಳೆಯನ್ನು ಆಂಡಿಸ್ ಬೆಟ್ಟಗಳು ಅಲ್ಲೇ ತಡೆಯುತ್ತವೆ.

ಈ ಬಯಲಲ್ಲೇ ನೆಲದ ಮೇಲೆ ಬಿಡಿಸಿದ ಆ ಪ್ರಸಿದ್ಧ ದೊಡ್ಡ ದೊಡ್ಡ ಗೆರೆಚಿತ್ರಗಳಿರುವುದು. ಮೇಲಿನ ಕಂದು ಕಲ್ಲು ಸರಿಸಿದ್ದಾರೆ, ಕೆಳಗಿನ ತಿಳಿ ಮಣ್ಣು ಕಾಣುತ್ತದೆ, ಅಷ್ಟೇ. ಮಳೆ ಇಲ್ಲದ್ದಕ್ಕೆ 1,500 ವರ್ಷವಾದರೂ ಅಳಿಸಿಲ್ಲ. ವಿಮಾನ ಹತ್ತಿ ನೋಡುವಷ್ಟು ದುಡ್ಡು ಉಳಿದಿರಲಿಲ್ಲ. ರಸ್ತೆ ಪಕ್ಕದ ಕಬ್ಬಿಣದ ಗೋಪುರ ಹತ್ತಿದೆ. ಒಂದು ಮರ, ಎರಡು ಕೈ ಕಂಡವು. ಇನ್ನೊಂದು ಹಲ್ಲಿಯ ಚಿತ್ರ ಇದೆ, ಹೆದ್ದಾರಿ ಅದನ್ನು ಸೀಳಿಕೊಂಡೇ ಹೋಗಿದೆ. ರಸ್ತೆ ಅಗಲೀಕರಣದವರು ಎಲ್ಲಾ ದೇಶದಲ್ಲೂ ಒಂದೇ, ಅಲ್ವಾ?

ನಿಜವಾದ ಉತ್ತರ ಸಿಕ್ಕಿದ್ದು ಆ ಸಂಜೆ, ಊರಾಚೆ ಕಂಟಾಯೋಕ್ ಎಂಬಲ್ಲಿ. ನೆಲದಲ್ಲಿ ಸುರುಳಿ ಸುರುಳಿಯಾಗಿ ಇಳಿಯುವ ಗುಂಡಿಗಳು, ಚಕ್ಕುಲಿ ಒತ್ತಿದ ಹಾಗೆ. ಅಂಚಿಗೆಲ್ಲ ಹೊಳೆಯ ಗುಂಡುಕಲ್ಲು ಜೋಡಿಸಿದ್ದಾರೆ. ತಿರುಗುತ್ತಾ ತಿರುಗುತ್ತಾ ತಳ ಮುಟ್ಟಿದರೆ ಒಂದು ಕಿಂಡಿ. ಕಿಂಡಿಯೊಳಗೆ ನೀರು ಹರಿಯುತ್ತಿತ್ತು! ಮೇಲೆ ಹುಲ್ಲುಕಡ್ಡಿ ಇಲ್ಲ, ಕೆಳಗೆ ತಿಳಿ ನೀರು. ಬೊಗಸೆಯಲ್ಲಿ ಹಿಡಿದೆ, ತಣ್ಣಗಿತ್ತು. ಪುಕಿಯೊ ಅನ್ನುತ್ತಾರೆ. ಭೂಮಿಯೊಳಗಿನ ನೀರನ್ನು ಸುರಂಗದಲ್ಲಿ ಹಿಡಿದು ಹೊಲಕ್ಕೆ ಹರಿಸುವ ವ್ಯವಸ್ಥೆ. ನಡುನಡುವೆ ಗಾಳಿಗೆ ಮತ್ತು ಹೂಳು ತೆಗೆಯಲು ಇಳಿಯುವುದಕ್ಕೆ ಈ ಗುಂಡಿಗಳು. ಇವತ್ತಿಗೂ ಅದೇ ನೀರಿನಲ್ಲಿ ಬೆಳೆ ಬೆಳೆಯುತ್ತಾರೆ.

ಅಲ್ಲೇ ಕೂತುಬಿಟ್ಟೆ. ನನಗೆ ನೆನಪಾದದ್ದು ಬೀದರ್‌ನ ನೌಬಾದ್.

ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಬೀದರ್‌ಗೆ ಕಕ್ಕಿ ಮನೆಗೆ ಹೋಗುತ್ತಿದ್ದೆ. ನೌಬಾದ್ ಕಡೆ ಸಾಲಾಗಿ ಬಾವಿಗಳಿದ್ದವು. ಹೂಳು, ಮುಳ್ಳುಕಂಟಿ, ಕಸ. "ಆ ಕಡೆ ಹೋಗಬ್ಯಾಡ್ರೋ, ಬಿದ್ದೀರಿ" ಅಂತ ಕಕ್ಕಿ ಕೂಗುತ್ತಿದ್ದಳು. ಬಾವಿ ಯಾಕೆ ಸಾಲಾಗಿವೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಅದು ಕರೇಜ್, ನಮ್ಮ ಜನ ಸುರಂಗ ಬಾವಿ ಅನ್ನುವುದು ಅದನ್ನೇ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆಯಿಂದ ಕಟ್ಟಿದ್ದು. ಬೀದರ್‌ನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಸ್ಪಂಜಿನ ಹಾಗೆ ಹೀರುತ್ತದೆ. ಅದರ ಕೆಳಗೆ ಗಟ್ಟಿ ಕರಿಕಲ್ಲು, ನೀರು ಅದರಲ್ಲಿ ಇಳಿಯಲ್ಲ. ಎರಡೂ ಸೇರುವ ಕಡೆ ಸುರಂಗ ಕೊರೆದರೆ ನೀರು ತಾನೇ ಇಳಿಜಾರಿಗೆ ಹರಿಯುತ್ತದೆ. ಸುಮಾರು ಮೂರು ಕಿಲೋಮೀಟರ್ ಉದ್ದ. ಮೇಲಿನ ಬಾವಿಗಳೆಲ್ಲ ಅದರ ಮೂಗಿನ ಹೊಳ್ಳೆಗಳು. ಪಂಪಿಲ್ಲ, ಕರೆಂಟಿಲ್ಲ.

ಪುಕಿಯೊಗಳು ಸ್ಪೇನಿನವರು ಬರುವ ಮೊದಲಿನವು ಅಂತ ಹಲವು ಸಂಶೋಧಕರು ಹೇಳುತ್ತಾರೆ. ಹಾಗಿದ್ದರೆ ಪೆರುವಿಗೂ ಪರ್ಷಿಯಾಕ್ಕೂ ಆಗ ಪರಿಚಯವೇ ಇರಲಿಲ್ಲ. ಆದರೂ ನೀರಡಿಕೆಯಾದಾಗ ಇಬ್ಬರಿಗೂ ಹೊಳೆದದ್ದು ಹೆಚ್ಚುಕಡಿಮೆ ಒಂದೇ ಉಪಾಯ. ಇದನ್ನು ನೌಬಾದ್‌ನಲ್ಲೇ ನಿಂತು ನಾನು ಕಾಣಬಹುದಿತ್ತು ನಿಜ. ಮೂವತ್ತು ವರ್ಷ ಕಾಣಲಿಲ್ಲ. ಅಲ್ಲಿಗೆ ಹೋಗಿದ್ದಕ್ಕೇ ಕಂಡಿತು.

ಹೋದ ತಿಂಗಳು ಮತ್ತೆ ಅದೇ ಪ್ರಶ್ನೆ ಕೇಳಿದ ಗೆಳೆಯನನ್ನು ಎಳೆದುಕೊಂಡು ಬೆಳಗಿನ ರೈಲಿಗೆ ಬೀದರ್‌ಗೆ ಹೋದೆ. ಮೊದಲ ಬಾವಿಯಲ್ಲಿ ಇಣುಕಿದ. ಎರಡನೆಯದರಲ್ಲೂ ಇಣುಕಿದ. ಮೂರನೆಯದರ ಹೊತ್ತಿಗೆ ನಾನು ಹೇಳದೆಯೇ ಸಾಲು ಹಿಡಿದು ನಡೆಯತೊಡಗಿದ. ವಾಪಸ್ ಸ್ಟೇಶನ್ನಿಗೆ ಆಟೋದಲ್ಲಿ ಬರುವಾಗ ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಕೇಳಿದ: "ಆ ಪೆರುಕ್ಕ ಟಿಕೆಟ್ ಎಷ್ಟಾಗ್ತದೋ?"