ಕರುಳು ಮತ್ತೆ ಬೆಳಿಯಲ್ವಾ?

ಮೂಡಿಗೆರೆ ಚಿಕ್ಕಮ್ಮನ ಮಗನಿಗೆ ಕರುಳು ಸುತ್ತಿಕೊಂಡು ಆಪರೇಷನ್ ಮಾಡಿ ಸುಮಾರು ಕರುಳು ತೆಗೆದೇಬಿಟ್ರು, ದೊಡ್ಡೋರಿಗೆ ಸಣ್ಣ ಕರುಳು ಹತ್ತತ್ರ 6 ಮೀಟರ್ ಇರುತ್ತೆ, 2 ಮೀಟರ್‌ಗಿಂತ ಕಮ್ಮಿ ಉಳಿದ್ರೆ ತಿಂದಿದ್ದು ಮೈಗೆ ಹತ್ತೋದೇ ಕಷ್ಟ, ಅದಕ್ಕೇ ಅವನಿಗೆ ರಾತ್ರಿಯಿಡೀ ಡ್ರಿಪ್ಪಲ್ಲೇ ಊಟ. ಹೋದ ಭಾನುವಾರ ನಾವೆಲ್ಲ ಕಡುಬು ತಿನ್ನುವಾಗ ಅವನು ಒಂದು ಕಡುಬು ಮುರಿದು ಹಬೆ ನೋಡ್ತಾ ಕೂತಿದ್ದ. "ಅಣ್ಣ, ಕರುಳು ಮತ್ತೆ ಬೆಳಿಯಲ್ವಾ?" ಅಂದ.

ಮನೆಗೆ ಬಂದವನೇ ಹುಡುಕಿ ಓದ್ದೆ. 2018ರಲ್ಲಿ ಬೋಸ್ಟನ್ ಚಿಲ್ಡ್ರನ್ಸ್ ಹಾಸ್ಪಿಟಲ್‌ನ ಪಿಯರ್ ಡುಪಾಂಟ್, ಡಾನಾ ಡೇಮಿಯನ್ ಅವರ ತಂಡ ಹಂದಿಗಳ ಅನ್ನನಾಳಕ್ಕೆ ಪುಟ್ಟ ರೋಬೋಟ್ ಕೂರಿಸಿದ ವಿಷಯ ಸಿಕ್ತು, ಎರಡು ಉಂಗುರ ಹೊಲಿದು ಮೋಟಾರಿಂದ ಮೆಲ್ಲಮೆಲ್ಲಗೆ ದೂರ ಎಳೆಯೋದು, ಮೇಲೆ ನೀರು ಹೋಗದ ಕವಚ, ಹಂದಿಗಳು ಎಚ್ಚರವಾಗೇ ಓಡಾಡ್ಕೊಂಡು ತಿನ್ಕೊಂಡಿದ್ವು. ಎಳೆದ ಭಾಗ 77% ಉದ್ದ ಆಯ್ತು, ಅದೂ ಬರೀ ಹಿಗ್ಗಿದ್ದಲ್ಲ, ಹೊಸ ಜೀವಕೋಶಗಳು ಹುಟ್ಟಿದ್ವು! ಓದ್ತಾ ಕಣ್ಣು ತುಂಬಿ ಬಂತು. ಇದೇ ದಾರೀಲಿ ಕರುಳನ್ನೂ ಬೆಳೆಸಬೇಕು ಅನ್ನೋದು ಅವರ ಗುರಿ.

ಇದು ಹಂದಿಗಳಲ್ಲಿ ಮಾಡಿರೋ ಪ್ರಯೋಗ ಕಣೋ ಅಂತ ಅವನಿಗೆ ಇದ್ದದ್ದು ಇದ್ದಂಗೇ ಫೋನಲ್ಲಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಕ್ಕೆ ನೋವಾಗ್ತಿತ್ತೇನೋ ಅಲ್ವಾ ಅಣ್ಣ" ಅಂದ.