ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ? ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆ ಮತ್ತು ಭೂಕಂಪ

ಅಮೆರಿಕದ ಶಾಲೆಯ ಮಾತು ಬಂದರೆ ಊರಿನವರು ಮೊದಲು ಕೇಳುವುದು ಬಂದೂಕಿನ ವಿಷಯ. ಆ ಭಯ ಇಲ್ಲಿನ ಅಪ್ಪ-ಅಮ್ಮಂದಿರಿಗೂ ಇದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಸುರಕ್ಷತೆಯ ಕಾನೂನಿಗೆ ಬುನಾದಿ ಬಿದ್ದದ್ದು ಭೂಕಂಪದಿಂದ. ಕಟ್ಟಡಕ್ಕೂ ಕವಾಯತಿಗೂ ನಿಯಮವಿದೆ, ನೀರಿನ ದಾಸ್ತಾನೂ ಇರುತ್ತದೆ. ಇಷ್ಟಿದ್ದೂ ಏರ್ಪಾಟು ಎಡವುವುದು ಕೊನೆಯ ಹಂತದಲ್ಲಿ, ಮಗುವನ್ನು ಮನೆಯವರ ಕೈಗೆ ಒಪ್ಪಿಸುವಾಗ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ವಿಸಿಟರ್ ವೀಸಾದಲ್ಲಿ ಬರುವ ಅಜ್ಜ-ಅಜ್ಜಿಯರು ಸೂಟ್‌ಕೇಸ್ ಕಟ್ಟುವ ಮುಂಚೆ ಇದನ್ನೊಮ್ಮೆ ಓದಿಕೊಂಡರೆ ಉಪಯೋಗವಾದೀತು.

1933ರ ಮಾರ್ಚ್ 10ರ ಸಂಜೆ 5:54ಕ್ಕೆ ಲಾಸ್ ಏಂಜಲೀಸ್ ಪಕ್ಕದ ಲಾಂಗ್ ಬೀಚ್‌ನಲ್ಲಿ 6.4 ತೀವ್ರತೆಯ ಭೂಕಂಪವಾಯಿತು. ಸುಮಾರು 70 ಶಾಲೆಗಳು ನಾಶವಾದವು, ಇನ್ನೂ 120 ಶಾಲೆಗಳಿಗೆ ಭಾರಿ ಹಾನಿಯಾಯಿತು. ಅಷ್ಟು ಹೊತ್ತಿಗೆ ಶಾಲೆ ಬಿಟ್ಟಾಗಿತ್ತು. ಕೆಲವೇ ಗಂಟೆ ಮುಂಚೆ ಆಗಿದ್ದರೆ ಏನಾಗುತ್ತಿತ್ತೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 10ರಂದು, ಚಾರ್ಲ್ಸ್ ಫೀಲ್ಡ್ ಎಂಬ ಶಾಸಕರು ಮಂಡಿಸಿದ್ದ ಫೀಲ್ಡ್ ಆಕ್ಟ್ ಜಾರಿಗೆ ಬಂತು. ಸರ್ಕಾರಿ ಶಾಲೆಯ ಕಟ್ಟಡದ ನಕ್ಷೆಗೆ ಇಲ್ಲಿ ನಗರಸಭೆಯ ಮೊಹರು ಸಾಲದು. ರಾಜ್ಯ ಸರ್ಕಾರದ ಆರ್ಕಿಟೆಕ್ಟ್ ವಿಭಾಗವೇ ಅದನ್ನು ತಪಾಸಣೆ ಮಾಡಬೇಕು. ಕಟ್ಟುವಾಗ ಉದ್ದಕ್ಕೂ ಇನ್‌ಸ್ಪೆಕ್ಟರ್ ಸ್ಥಳದಲ್ಲಿರಬೇಕು. ಅನುಮೋದಿತ ನಕ್ಷೆಯಂತೆಯೇ ಕಟ್ಟಲಾಗಿದೆ ಎಂದು ಎಂಜಿನಿಯರು, ಗುತ್ತಿಗೆದಾರ, ಇನ್‌ಸ್ಪೆಕ್ಟರು ಸಹಿ ಹಾಕಿ ವರದಿ ಕೊಡಬೇಕು. ಈ ಕಾನೂನಿನಡಿ ಕಟ್ಟಿದ ಯಾವ ಶಾಲೆಯೂ ಭೂಕಂಪದಲ್ಲಿ ಕುಸಿದು ಮಗುವಿನ ಪ್ರಾಣ ತೆಗೆದಿಲ್ಲ. ಆದರೂ ಒಂದು ಮಾತು: 1989ರ ಲೋಮಾ ಪ್ರಿಯೇಟಾ ಕಂಪನ ಆದದ್ದು ಸಂಜೆ 5:04ಕ್ಕೆ, 1994ರ ನಾರ್ತ್‌ರಿಡ್ಜ್ ಕಂಪನ ಬೆಳಗಿನ ಜಾವ 4:31ಕ್ಕೆ. ಕಾನೂನಿನ ಜೊತೆಗೆ ಗಡಿಯಾರವೂ ಮಕ್ಕಳ ಪರವಾಗಿಯೇ ನಿಂತಿತ್ತು. ಅಂದಹಾಗೆ, ಖಾಸಗಿ ಶಾಲೆಗೆ ಫೀಲ್ಡ್ ಆಕ್ಟ್ ಅನ್ವಯಿಸುವುದಿಲ್ಲ. ದುಡ್ಡು ಕೊಟ್ಟರೆ ಸುರಕ್ಷತೆ ಜಾಸ್ತಿ ಎಂಬ ನಮ್ಮ ಲೆಕ್ಕ ಇಲ್ಲಿ ಅಷ್ಟು ಸುಲಭಕ್ಕೆ ಕೂಡಿಬರುವುದಿಲ್ಲ.

ಕಟ್ಟಡ ನಿಲ್ಲುತ್ತದೆ ಎಂದಾದ ಮೇಲೆ ಪೆಟ್ಟು ಬೀಳುವುದು ಒಳಗಿನ ಸಾಮಾನಿನಿಂದ. ನಾರ್ತ್‌ರಿಡ್ಜ್‌ನಲ್ಲಿ ತರಗತಿಗಳ ಟ್ಯೂಬ್‌ಲೈಟಿನ ಚೌಕಟ್ಟುಗಳು ಮೇಜಿನ ಮೇಲೆ ಉದುರಿ ಬಿದ್ದಿದ್ದವು. ಮಗುವಿನ ತರಗತಿಗೆ ಹೋದಾಗ ಗೋಡೆಯ ಚಿತ್ರ ನೋಡುವ ಮುಂಚೆ ಪುಸ್ತಕದ ಕಪಾಟಿನ ಮೇಲಂಚು ನೋಡಿ. ಅದು ಮಗುವಿನ ತಲೆಗಿಂತ ಎತ್ತರವಿದ್ದರೆ ಎಲ್ ಆಕಾರದ ಪಟ್ಟಿಯಿಂದ ಗೋಡೆಗೆ ಕಚ್ಚಿರಬೇಕು. ತಿರುಪು ಇಳಿಯಬೇಕಾದ್ದು ಗೋಡೆಯೊಳಗಿನ ಮರದ ಕಂಬಕ್ಕೆ. ಇಲ್ಲಿನ ಗೋಡೆಗಳಲ್ಲಿ ಆ ಕಂಬಗಳು ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತವೆ. ಅವುಗಳ ನಡುವೆ ಬರೀ ಜಿಪ್ಸಮ್ ಹಲಗೆ. ಹಲಗೆಗಷ್ಟೇ ಹಾಕಿದ ತಿರುಪು ಕಪಾಟು ಒಮ್ಮೆ ತೊನೆದರೆ ಪುಡಿ ಸಮೇತ ಕಿತ್ತು ಬರುತ್ತದೆ. ಇನ್ನೊಂದು ತಪ್ಪು ಪ್ರತಿ ವರ್ಷ ಆಗುವಂಥದ್ದು: ಬೇಸಿಗೆ ರಜೆಯಲ್ಲಿ ನೆಲಕ್ಕೆ ಪಾಲಿಶ್ ಹಾಕಲು ಕಪಾಟುಗಳನ್ನು ಬಿಚ್ಚಿ ಸರಿಸುತ್ತಾರೆ, ಆಗಸ್ಟಿನಲ್ಲಿ ವಾಪಸ್ ಇಡುತ್ತಾರೆ, ಪಟ್ಟಿ ಮಾತ್ರ ಹಾಗೇ ನೇತಾಡುತ್ತಿರುತ್ತದೆ. ಅದರ ಮೇಲೆ ಬಣ್ಣದ ಡಬ್ಬಿ, ಗ್ಲೋಬು, ಹೂಕುಂಡ ಬೇರೆ.

ಭೂಕಂಪದ ಕವಾಯತು ಪ್ರಾಥಮಿಕ ಶಾಲೆಯಲ್ಲಿ ಮೂರು ತಿಂಗಳ ಅವಧಿಗೊಮ್ಮೆ, ಮೇಲಿನ ತರಗತಿಗಳಲ್ಲಿ ಸೆಮಿಸ್ಟರಿಗೊಮ್ಮೆ ಆಗಲೇಬೇಕು. ಬೆಂಕಿಯದು ಪ್ರಾಥಮಿಕದಲ್ಲಿ ತಿಂಗಳಿಗೊಮ್ಮೆ, ಮಿಡ್ಲ್ ಸ್ಕೂಲಿನಲ್ಲಿ ವರ್ಷಕ್ಕೆ 4, ಹೈಸ್ಕೂಲಿನಲ್ಲಿ 2. ಇದರ ಮೇಲೆ ಅಕ್ಟೋಬರಿನ ಮೂರನೇ ಗುರುವಾರ ಶೇಕ್‌ಔಟ್ ಎಂಬ ಸಾಮೂಹಿಕ ಕವಾಯತು. ತಾರೀಕನ್ನೇ ಗಡಿಯಾರದ ಹೊತ್ತು ಮಾಡಿಕೊಳ್ಳುತ್ತಾರೆ: 2024ರಲ್ಲಿ ಅಕ್ಟೋಬರ್ 17ಕ್ಕೆ ಬೆಳಿಗ್ಗೆ 10:17.

ಕ್ರಮ ಇಷ್ಟೇ: ಮಂಡಿಯೂರಿ ನೆಲಕ್ಕೆ ಬಗ್ಗು, ಮೇಜಿನಡಿ ತೂರಿಕೊಂಡು ಒಂದು ಕೈಯಿಂದ ಕುತ್ತಿಗೆಯ ಹಿಂಭಾಗ ಮುಚ್ಚಿಕೊ, ಇನ್ನೊಂದು ಕೈಯಲ್ಲಿ ಮೇಜಿನ ಕಾಲು ಹಿಡಿದುಕೊ. ಮಕ್ಕಳು ಸಡಿಲ ಬಿಡುವುದು ಮೂರನೆಯದನ್ನೇ. ನೆಲ ಅಲುಗಿದಾಗ ಮೇಜು ನಿಂತಲ್ಲಿ ನಿಲ್ಲುವುದಿಲ್ಲ, ನಡೆದಾಡುತ್ತದೆ. ಕಾಲು ಹಿಡಿದಿದ್ದರೆ ಮಗುವೂ ಅದರ ಜೊತೆ ಸರಿಯುತ್ತದೆ, ಬಿಟ್ಟರೆ ಮೇಜು ಒಂದು ಕಡೆ, ಮಗು ಇನ್ನೊಂದು ಕಡೆ. ಮೇಜಿಲ್ಲದಿದ್ದರೆ ಕಿಟಕಿಯಿಂದ ದೂರ, ಒಳಗಿನ ಗೋಡೆಯ ಪಕ್ಕ. ಗಾಲಿಕುರ್ಚಿಯಲ್ಲಿರುವ ಮಗು ಗಾಲಿಗೆ ಲಾಕ್ ಹಾಕಿ ಮುಂದಕ್ಕೆ ಬಾಗಿ ತಲೆ ಮುಚ್ಚಿಕೊಳ್ಳಬೇಕು.

ಅಜ್ಜ-ಅಜ್ಜಿಯರು ಗಮನಿಸಬೇಕಾದ್ದು ಇಲ್ಲಿ. ನೆಲ ನಡುಗಿದರೆ ಮಗುವನ್ನು ಎತ್ತಿಕೊಂಡು ಹೊರಗೆ ಓಡುವುದು ನಮಗೆ ರಕ್ತದಲ್ಲೇ ಬಂದದ್ದು. ಇಲ್ಲಿ ಹಾಗೆ ಮಾಡಬೇಡಿ. ಗಾಜು, ಹೆಂಚು, ಗೋಡೆಯ ಹೊದಿಕೆ ಎಲ್ಲ ಉದುರುವುದು ಬಾಗಿಲ ಹೊರಗಿನ ಮೊದಲ ಕೆಲವು ಅಡಿಗಳಲ್ಲೇ. ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲುವುದೂ ಹಳೆಯ ಮಾತು. ಬಾಗಿಲ ರೆಕ್ಕೆ ಬೀಸಿ ಬಡಿಯುತ್ತದೆ, ಮೇಲಿಂದ ಬೀಳುವುದನ್ನು ತಡೆಯಲು ಅಲ್ಲಿ ಏನೂ ಇಲ್ಲ. ಶಾಲೆಯಲ್ಲಿ ಮೇಜಿನಡಿ ಹೋಗಲು ಕಲಿತ ಮಗುವನ್ನು ಮನೆಯಲ್ಲಿ ಕೈಹಿಡಿದು ಹೊರಗೆಳೆದರೆ ಕಲಿತದ್ದೆಲ್ಲ ನೀರುಪಾಲು.

ಕಂಪನ ನಿಂತ ಮೇಲೆ ತರಗತಿಗಳು ಸಾಲಾಗಿ ಮೈದಾನಕ್ಕೆ ಬರುತ್ತವೆ, ಕಟ್ಟಡದಿಂದಲೂ ವಿದ್ಯುತ್ ತಂತಿಯಿಂದಲೂ ದೂರ. ಟೀಚರು ಹಾಜರಿ ತೆಗೆದು ಕಾರ್ಡ್ ಎತ್ತಿ ಹಿಡಿಯುತ್ತಾರೆ. ಹಸಿರೆಂದರೆ ಎಲ್ಲರೂ ಇದ್ದಾರೆ. ಕೆಂಪೆಂದರೆ ಯಾರೋ ಸಿಕ್ಕಿಲ್ಲ ಅಥವಾ ಗಾಯವಾಗಿದೆ. ತಪ್ಪಿಹೋಗುವುದು ಸಾಮಾನ್ಯವಾಗಿ ಶೌಚಾಲಯಕ್ಕೆ, ಲೈಬ್ರರಿಗೆ, ಸ್ಪೀಚ್ ಥೆರಪಿಗೆ ಹೋದ ಮಗು. ಅದು ಹತ್ತಿರದ ಬೇರೆ ತರಗತಿಯ ಸಾಲಿಗೆ ಸೇರಿಕೊಂಡಿರುತ್ತದೆ, ಅಲ್ಲಿ ಕಾರ್ಡು ಹಸಿರು, ಇಲ್ಲಿ ಕೆಂಪು. ಅದಕ್ಕೇ ನುರಿತ ಟೀಚರು ಇಲ್ಲದವರ ಜೊತೆಗೆ ಹೆಚ್ಚಿಗೆ ಬಂದವರ ಹೆಸರನ್ನೂ ಬರೆದುಕೊಳ್ಳುತ್ತಾರೆ. ಹುಡುಕುವ ತಂಡದಲ್ಲಿ ಕನಿಷ್ಠ ಇಬ್ಬರು. ಕೋಣೆಗೆ ಹೊಕ್ಕಾಗ ಬಾಗಿಲ ಮೇಲೆ ಒಂದು ಓರೆಗೆರೆ, ಹೊರಬಂದಾಗ ಅದರ ಮೇಲೆ ಇನ್ನೊಂದು ಗೆರೆ ಎಳೆದು ಗುಣಾಕಾರದ ಗುರುತು ಮಾಡುತ್ತಾರೆ. ಒಂದೇ ಗೆರೆ ಉಳಿದಿದ್ದರೆ ಒಳಗೆ ಹೋದವರು ಇನ್ನೂ ಒಳಗೇ ಇದ್ದಾರೆ ಎಂದರ್ಥ.

ಮೈದಾನದ ಅಂಚಿನಲ್ಲಿ ಕಬ್ಬಿಣದ ಕಂಟೇನರ್ ಇರುತ್ತದೆ. ನೀರು, ಒಣ ಆಹಾರ, ಟಾರ್ಪಾಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಶೌಚಕ್ಕೆ ಮುಚ್ಚಳದ ಬಕೆಟ್ಟು ಎಲ್ಲ ಅದರಲ್ಲಿ. ನೀರಿನ ಲೆಕ್ಕ ಹಾಕಿ ನೋಡಿ: 600 ಮಕ್ಕಳು, 40 ಸಿಬ್ಬಂದಿ. ತಲೆಗೆ ದಿನಕ್ಕೆ ಬರೀ ಅರ್ಧ ಗ್ಯಾಲನ್, ಅಂದರೆ ಎರಡು ಲೀಟರಿಗೂ ಕಡಿಮೆ ಎಂದಿಟ್ಟುಕೊಂಡರೂ ದಿನಕ್ಕೆ 320 ಗ್ಯಾಲನ್. 55 ಗ್ಯಾಲನ್ನಿನ ನೀಲಿ ಪೀಪಾಯಿ ಆರು ಬೇಕು. ಮೂರು ದಿನಕ್ಕೆ ಹದಿನೆಂಟು. ತುಂಬಿದ ಒಂದೊಂದು 200 ಕಿಲೋ ದಾಟುತ್ತದೆ, ಬಗ್ಗಿಸಿ ಲೋಟಕ್ಕೆ ಸುರಿಯುವ ವಸ್ತುವಲ್ಲ. ಕೈಪಂಪು ಬೇಕು, ಬಿರಡೆ ಬಿಚ್ಚುವ ಕೀಲಿ ಬೇಕು. ತಪಾಸಣೆಯಲ್ಲಿ ಪೀಪಾಯಿಗಳ ಎಣಿಕೆ ಸರಿಯಾಗಿದ್ದು ಪಂಪೇ ಇಲ್ಲದಿರುವುದು, ಕಂಟೇನರಿನ ಬೀಗದ ಕೈ ಶಾಲೆಯ ಕಟ್ಟಡ ನೋಡಿಕೊಳ್ಳುವ ಒಬ್ಬರೇ ಕಸ್ಟೋಡಿಯನ್ ಜೇಬಿನಲ್ಲಿರುವುದು, ಟಾರ್ಚಿನೊಳಗೆ ಸೆಲ್ ಸೋರಿ ಹಸಿರುಗಟ್ಟಿರುವುದು ಇವೆಲ್ಲ ಮಾಮೂಲು. ಬೇಸಿಗೆಯ ಬಿಸಿಲಿಗೆ ಕಾದ ಆ ಪೆಟ್ಟಿಗೆಯೊಳಗೆ ಅಂಟುಪಟ್ಟಿಯ ಗೋಂದು ಕರಗಿ ಜಿಗುಟಾಗಿರುತ್ತದೆ.

ಬಹಳಷ್ಟು ಪ್ರಾಥಮಿಕ ಶಾಲೆಗಳು ಮನೆಯಿಂದಲೂ ಒಂದು ಪುಟ್ಟ ಕಟ್ಟು ಕೇಳುತ್ತವೆ. ದೊಡ್ಡ ಜಿಪ್‌ಲಾಕ್ ಚೀಲದಲ್ಲಿ ನೀರು, ಎರಡು ಗ್ರನೋಲಾ ಬಾರ್, ಬೆಳ್ಳಿ ಹಾಳೆಯಂಥ ತೆಳು ಹೊದಿಕೆ, ಮನೆಯವರ ಫೋಟೋ, ಒಂದು ಚೀಟಿ. ಶೇಂಗಾ ಚಿಕ್ಕಿ ಹಾಕಬೇಡಿ. ಶೇಂಗಾ ಅಲರ್ಜಿಯ ಮಕ್ಕಳಿರುವುದರಿಂದ ಶಾಲೆ ಅದನ್ನು ತೆಗೆದಿಡುತ್ತದೆ. ಸಸ್ಯಾಹಾರಿಗಳು ಮಾರ್ಷ್‌ಮೆಲ್ಲೊ ಸೇರಿಸಿದ ಬಾರ್ ಕೊಳ್ಳುವಾಗ ಹಿಂದಿನ ಅಕ್ಷರ ಓದಿ, ಜೆಲಾಟಿನ್ ಇರುತ್ತದೆ. ಚೀಟಿಯಲ್ಲಿ "ಪುಟ್ಟಾ, ಅಮ್ಮ ಬರ್ತಾ ಇದಾಳೆ, ಟೀಚರ್ ಜೊತೆ ಇರು" ಎಂದರೆ ಸಾಕು. ಕನ್ನಡದಲ್ಲಿ ಬರೆಯಿರಿ, ಕೆಳಗೆ ಅದನ್ನೇ ಇಂಗ್ಲಿಷಿನಲ್ಲೂ ಬರೆಯಿರಿ. ಒಂದನೇ ತರಗತಿಯ ಮಗುವಿಗೆ ಅದನ್ನು ಓದಿ ಹೇಳಬೇಕಾದವರು ಟೀಚರು.

ಇನ್ನು ಗೇಟಿನ ವಿಷಯ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ಅಪ್ಪ-ಅಮ್ಮಂದಿರು ಶಾಲೆಗಳತ್ತ ಧಾವಿಸಿದ್ದು ನೆನಪಿರಬಹುದು. ಆ ನೂಕುನುಗ್ಗಲಿನಲ್ಲಿ ಯಾರ ಮಗುವನ್ನು ಯಾರು ಕರೆದೊಯ್ದರೆಂದು ಬರೆದಿಡುವುದು ಸಣ್ಣ ಕೆಲಸವಲ್ಲ. ಇಲ್ಲಿ ಅದಕ್ಕೆ ಎರಡು ಗೇಟು ಮಾಡುತ್ತಾರೆ. ಮೊದಲನೆಯದರಲ್ಲಿ ಚೀಟಿ ತುಂಬಿಸಿ ಫೋಟೋ ಇರುವ ಗುರುತಿನ ಪತ್ರ ತೋರಿಸಬೇಕು. ಸಿಬ್ಬಂದಿ ಅದನ್ನು ಎಮರ್ಜೆನ್ಸಿ ಕಾರ್ಡಿನ, ಅಂದರೆ ಮಗುವನ್ನು ಯಾರು ಕರೆದೊಯ್ಯಬಹುದೆಂದು ಪಾಲಕರು ಮೊದಲೇ ಬರೆದುಕೊಟ್ಟ ಪಟ್ಟಿಯ ಹೆಸರಿಗೆ ತಾಳೆ ನೋಡಿ, ಚೀಟಿಯ ಒಂದು ಭಾಗವನ್ನು ಓಡಾಡುವ ಸಹಾಯಕರ ಕೈಗೆ ಕೊಟ್ಟು ಮಗುವನ್ನು ಕರೆಸುತ್ತಾರೆ. ಎರಡನೆಯದರಲ್ಲಿ ಮಗು ಕೈಗೆ ಸಿಗುತ್ತದೆ, ಸಮಯ ಬರೆದು ಸಹಿ ಮಾಡಬೇಕು. ಎರಡೂ ಗೇಟಿನಿಂದ ಮೈದಾನದ ಮಕ್ಕಳು ಕಾಣದಂತೆ ಜಾಗ ಆರಿಸುತ್ತಾರೆ. ಮಗು ಕಣ್ಣಿಗೆ ಬಿದ್ದರೆ ಬೇಲಿ ಹಾರದ ತಾಯಿ ಯಾರಿದ್ದಾಳೆ!

ನಮ್ಮವರು ಸಿಕ್ಕಿಬೀಳುವುದು ಆ ಕಾರ್ಡಿನಲ್ಲಿ. ಅಪ್ಪ, ಅಮ್ಮ, ಆಮೇಲೆ ಮೈಸೂರಿನ ಚಿಕ್ಕಪ್ಪನ ಫೋನ್ ನಂಬರ್. ಹನ್ನೆರಡೂವರೆ-ಹದಿಮೂರೂವರೆ ಗಂಟೆ ಮುಂದಿರುವ ಚಿಕ್ಕಪ್ಪ ಮಗುವನ್ನು ಕರೆದೊಯ್ಯಲು ಬರುವುದುಂಟೇ? ಕಾರ್ಡಿನಲ್ಲಿ ಶಾಲೆಗೆ ನಡೆದು ಬರುವಷ್ಟು ಹತ್ತಿರದ, 18 ತುಂಬಿದ ಮೂರು ನಾಲ್ಕು ಜನರ ಹೆಸರಿರಲಿ: ಪಕ್ಕದ ಅಪಾರ್ಟ್‌ಮೆಂಟಿನವರು, ಕನ್ನಡ ಶಾಲೆಯ ಪರಿಚಯದವರು. ನಡೆದು ಎಂದದ್ದು ಸುಮ್ಮನೆ ಅಲ್ಲ. 1989ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ದಾಟುವ ಬೇ ಬ್ರಿಡ್ಜ್‌ನ ಒಂದು ತುಂಡು ಕಳಚಿ ಬಿದ್ದು ಸೇತುವೆ ಒಂದು ತಿಂಗಳು ಮುಚ್ಚಿತ್ತು. ಕೊಲ್ಲಿಯ ಆಚೆ ಆಫೀಸು, ಈಚೆ ಹೇವರ್ಡ್ ಭೂಬಿರುಕಿನ ಪಕ್ಕದ ಫ್ರೀಮಾಂಟ್‌ನಲ್ಲಿ ಮನೆ ಇದ್ದವರು ಅಂಥ ದಿನ ಸಂಜೆಯೊಳಗೆ ಮುಟ್ಟುತ್ತಾರೆಂಬ ಭರವಸೆ ಇಲ್ಲ. ಮುಟ್ಟುವ ತನಕ ಮಕ್ಕಳು ಶಾಲೆಯಲ್ಲೇ. ಸರ್ಕಾರಿ ಶಾಲೆಯ ಸಿಬ್ಬಂದಿ ಕಾನೂನಿನ ಪ್ರಕಾರ ವಿಪತ್ತು ಸೇವಾ ಕಾರ್ಯಕರ್ತರು, ಬಿಡುಗಡೆ ಮಾಡುವ ತನಕ ಅವರೂ ಮನೆಗೆ ಹೋಗುವಂತಿಲ್ಲ.

ಆಮೇಲೆ ಹೆಸರು. ಮನೆಯಲ್ಲಿ ರಾಮಣ್ಣ, ಬ್ಯಾಂಕಿನಲ್ಲಿ ಎಚ್. ಎಸ್. ರಾಮಚಂದ್ರ, ಪಾಸ್‌ಪೋರ್ಟಿನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದ ಮೂರು ಪದದ ಹೆಸರು. ಸರ್‌ನೇಮ್ ಕಾಲಂ ಖಾಲಿ ಬಿಟ್ಟವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬೇರೆ. ಗೇಟಿನಲ್ಲಿ ಕೂತವರಿಗೆ ಇದ್ಯಾವುದೂ ಗೊತ್ತಿಲ್ಲ, ಕಾರ್ಡಿನಲ್ಲಿದ್ದ ಅಕ್ಷರವೇ ಗುರುತಿನ ಪತ್ರದಲ್ಲೂ ಇರಬೇಕು ಅಷ್ಟೇ. ಅಜ್ಜ-ಅಜ್ಜಿ ಬಂದ ವಾರವೇ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಅದೇ ಕಾಗುಣಿತದಲ್ಲಿ ಹೆಸರು ಸೇರಿಸಿ. ಶಾಲೆಗೆ ಹೋಗುವಾಗ ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಮೊಮ್ಮಗಳು "ಅಜ್ಜಾ" ಎಂದು ಓಡಿಬಂದು ಅಪ್ಪಿಕೊಂಡರೂ ಕಾಗದ ಸರಿಯಿಲ್ಲದೆ ಕಳಿಸುವುದಿಲ್ಲ, ಅದಕ್ಕೆ ಬೇಸರಿಸಿಕೊಳ್ಳಬೇಡಿ. ಮನೆ ಬದಲಿಸಿದಾಗ, ಫೋನ್ ಬದಲಿಸಿದಾಗ ಕಾರ್ಡೂ ಬದಲಾಗಬೇಕು. ಕರೆಂಟು ಹೋದರೆ ಆನ್‌ಲೈನ್ ಪಟ್ಟಿ ತೆರೆಯುವುದಿಲ್ಲ, ಆಗ ಮಾತು ನಡೆಯುವುದು ಆಫೀಸಿನ ಫೈಲಿನಲ್ಲಿರುವ ಮುದ್ರಿತ ಪ್ರತಿಯದ್ದೇ. ಸುದ್ದಿ ಮುಟ್ಟಿಸಲು ಟೆಕ್ಸಸ್ಸೋ ನ್ಯೂಜೆರ್ಸಿಯೋ, ಬೇರೆ ರಾಜ್ಯದ ಒಬ್ಬ ನೆಂಟರನ್ನು ಗೊತ್ತುಮಾಡಿಕೊಳ್ಳಿ. ಕರೆ ಸಿಗದ ಹೊತ್ತಿನಲ್ಲೂ ಮೆಸೇಜು ದಾಟುವ ಸಾಧ್ಯತೆ ಹೆಚ್ಚು; ಅವರು ಊರಿಗೆ ತಿಳಿಸುತ್ತಾರೆ.

ಔಷಧಿಯದೂ ಇದೇ ಕಥೆ. ಊರಿಂದ ತಂದ ಇನ್‌ಹೇಲರ್ ಎಷ್ಟೇ ಒಳ್ಳೆಯದಿರಲಿ, ಶಾಲೆ ಮುಟ್ಟುವುದಿಲ್ಲ. ಇಲ್ಲಿನ ವೈದ್ಯರ ಸಹಿ, ಪಾಲಕರ ಸಹಿ, ಫಾರ್ಮಸಿಯ ಚೀಟಿ ಅಂಟಿಸಿದ ಡಬ್ಬಿ ಮೂರೂ ಬೇಕು. ದಿನವೂ ಔಷಧಿ ಬೇಕಾದ ಮಗುವಿಗೆ ಮೂರು ದಿನದ್ದನ್ನು ಹೀಗೆ ಕೊಟ್ಟಿಡಿ.

ಬಂದೂಕಿನ ಪ್ರಶ್ನೆಗೆ ಬರೋಣ. ಹಲವು ಶಾಲಾ ಜಿಲ್ಲೆಗಳು (ಒಂದು ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತ) ಐದು ಆಜ್ಞೆಗಳ ಒಂದೇ ಪದ್ಧತಿ ಬಳಸುತ್ತವೆ: ಹೋಲ್ಡ್, ಸೆಕ್ಯೂರ್, ಲಾಕ್‌ಡೌನ್, ಇವ್ಯಾಕ್ಯುಯೇಟ್ (ಜಾಗ ಖಾಲಿ ಮಾಡು), ಶೆಲ್ಟರ್ (ಆಸರೆ ಪಡೆ). ಹೋಲ್ಡ್ ಎಂದರೆ ಹಜಾರ ಖಾಲಿ ಇರಲಿ, ಕೋಣೆಯಲ್ಲೇ ಇರಿ ಎಂದಷ್ಟೇ. ಸೆಕ್ಯೂರ್ ಎಂದರೆ ಅಪಾಯ ಹೊರಗಿದೆ. ಹೊರಬಾಗಿಲು ಭದ್ರ, ಒಳಗೆ ಪಾಠ ನಡೆಯುತ್ತಲೇ ಇರುತ್ತದೆ. ಪಕ್ಕದ ಬೀದಿಯಲ್ಲಿ ಪೊಲೀಸರು ಕಳ್ಳನನ್ನು ಅಟ್ಟಿಸಿಕೊಂಡು ಹೋದರೂ ಇದು ಬರಬಹುದು. ಆ ಮೆಸೇಜು ವಾಟ್ಸಾಪ್ ಗುಂಪುಗಳಲ್ಲಿ ಮೂರು ಕೈ ದಾಟುವಷ್ಟರಲ್ಲಿ ಲಾಕ್‌ಡೌನ್ ಆಗಿರುತ್ತದೆ. ನಿಜವಾದ ಲಾಕ್‌ಡೌನಿನಲ್ಲಿ ಬಾಗಿಲಿಗೆ ಬೀಗ, ದೀಪ ಆರಿಸಿ, ಕಿಟಕಿಗೆ ಕಾಣದ ಮೂಲೆಯಲ್ಲಿ ಸದ್ದಿಲ್ಲದೆ ಕೂರುತ್ತಾರೆ. ಯಾರು ಬಡಿದರೂ ಟೀಚರು ಬಾಗಿಲು ತೆಗೆಯುವುದಿಲ್ಲ. 2011ರ ಜುಲೈ ನಂತರ ಅನುಮತಿಗೆ ಸಲ್ಲಿಸಿದ ಹೊಸ ಕಟ್ಟಡಗಳಲ್ಲಿ ತರಗತಿಗೆ ಒಳಗಿನಿಂದ ಬೀಗ ಹಾಕುವಂತಿರಬೇಕು. ಹಳೆಯವುಗಳಲ್ಲಿ ಇನ್ನೂ ಹೊರಗೆ ಬಂದು ಕೀಲಿ ತಿರುಗಿಸಬೇಕಾದ ಬಾಗಿಲುಗಳಿವೆ. ಆ ಹೊತ್ತಿನಲ್ಲಿ ಮಗುವಿನ ಫೋನಿಗೆ ಕರೆ ಮಾಡಬೇಡಿ, ಗಂಟೆಯ ಸದ್ದೇ ಜಾಗ ತೋರಿಸೀತು. ಶಾಲೆಗೂ ಓಡಬೇಡಿ. ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಕಡೆಗೆ ಸಾಗಿಸಿ ಅಲ್ಲಿ ಒಪ್ಪಿಸುವುದೇ ಹೆಚ್ಚು, ಆ ಜಾಗ ಮೆಸೇಜಿನಲ್ಲಿ ಬರುತ್ತದೆ.

ಇಷ್ಟೆಲ್ಲ ಬರೆದಿಟ್ಟ ಸುರಕ್ಷತಾ ಯೋಜನೆ ಪ್ರತಿ ಸರ್ಕಾರಿ ಶಾಲೆಗೂ ಕಡ್ಡಾಯ, ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳೂ ಸೇರಿ. ಪ್ರತಿ ವರ್ಷ ಮಾರ್ಚ್ 1ರೊಳಗೆ ಪರಿಷ್ಕರಿಸಬೇಕು. ಬರೆಯುವ ಸಮಿತಿಯಲ್ಲಿ ಪ್ರಿನ್ಸಿಪಾಲ್, ಟೀಚರು, ಸಿಬ್ಬಂದಿಯ ಜೊತೆ ಅಲ್ಲಿ ಓದುವ ಮಗುವಿನ ಪಾಲಕರೊಬ್ಬರು ಇರಲೇಬೇಕು. ಒಪ್ಪಿಗೆಗೆ ಮುಂಚೆ ಶಾಲೆಯಲ್ಲೇ ಸಾರ್ವಜನಿಕ ಸಭೆ ನಡೆಯಬೇಕು. ನಮ್ಮವರು ವಿಜ್ಞಾನ ಮೇಳಕ್ಕೆ ತಪ್ಪದೆ ಹೋಗುತ್ತಾರೆ, ಈ ಸಭೆಗೆ ಹೋದವರು ಕಡಿಮೆ. ಪೊಲೀಸ್ ತಂತ್ರದ ಭಾಗ ಬಿಟ್ಟು ಉಳಿದ ಪ್ರತಿಯನ್ನು ಯಾರು ಕೇಳಿದರೂ ತೋರಿಸಬೇಕೆಂದು ಕಾನೂನಿದೆ. ಆಫೀಸಿನಲ್ಲಿ ಕೇಳಿ ಪಡೆದು ಮೊದಲು ನಕ್ಷೆಯ ಪುಟ ತೆಗೆಯಿರಿ. ಎರಡು ಗೇಟು ಎಲ್ಲಿ, ಗ್ಯಾಸ್ ಮತ್ತು ನೀರು ನಿಲ್ಲಿಸುವ ಕವಾಟ ಎಲ್ಲಿ, ಕಂಟೇನರ್ ಎಲ್ಲಿ ಎಂದು ನೋಡಿಕೊಂಡು, ಕಂಟೇನರಿನ ಎರಡನೇ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ.