ಕಪ್ಪಿನ ಕಡೆ ಕೂತು ನೋಡಿ

ಚೆಸ್ ಆಡುವುದಕ್ಕಿಂತ ಎಂಡ್‌ಗೇಮ್ ಸ್ಟಡಿ, ಅಂದರೆ ಆಟದ ಕೊನೆಯ ಹಂತದ ಒಗಟು, ಬಿಡಿಸುವುದು ನನಗೆ ಜಾಸ್ತಿ ಇಷ್ಟ. ನಮ್ಮ ಮೆಡಿಕಲ್ ಶಾಪಿಗೆ ಮಧ್ಯಾಹ್ನ ಗಿರಾಕಿ ಕಡಿಮೆ. ಕೌಂಟರ್ ಕೆಳಗಿಂದ ಮ್ಯಾಗ್ನೆಟ್ ಬೋರ್ಡ್ ತೆಗೆಯುತ್ತೇನೆ. "ಸಾರ್, ಎದುರಾಳಿ ಎಲ್ಲಿ?" ಅಂತ ಅಂಗಡಿ ಹುಡುಗ ಕೇಳುತ್ತಾನೆ. ಸರಿಯಾದ ಪ್ರಶ್ನೆಯೇ.

ಸ್ಟಡಿ ಅಂದರೆ ಯಾರೋ ಕೂತು ಕಟ್ಟಿದ ಸ್ಥಿತಿ. ಬಿಳಿ ಗೆಲ್ಲಬೇಕು, ಇಲ್ಲವೇ ಡ್ರಾ ಮಾಡಬೇಕು. ಎಷ್ಟು ನಡೆಯಲ್ಲಿ ಅಂತ ಹೇಳುವುದಿಲ್ಲ. ಹೆಚ್ಚಿನವರು ಬಿಳಿಯ ಜಾಣ ನಡೆ ಹುಡುಕಲು ಹೊರಡುತ್ತಾರೆ. ನಾನು ಮೊದಲು ಕಪ್ಪಿನ ಕಡೆ ಕೂರುತ್ತೇನೆ.

ಸಾವೆದ್ರಾ ಸ್ಥಿತಿ ಅಂತ ಹೆಸರಾದ ಸ್ಟಡಿಯನ್ನೇ ಜೋಡಿಸಿ ನೋಡಿ. (ಮನೆಯ ಹೆಸರಲ್ಲಿ ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು; ಎ1 ಬಿಳಿಯ ಎಡಗೈ ಮೂಲೆ.) ಬಿಳಿ ರಾಜ ಬಿ6, ಕಾಲಾಳು ಸಿ6. ಕಪ್ಪು ರಾಜ ಎ1, ಆನೆ ಡಿ5. ಆಡುವುದು ಬಿಳಿ, ಗೆಲ್ಲಬೇಕಾದದ್ದೂ ಬಿಳಿ. ಕಾಲಾಳು ಸಿ7ಗೆ ಹೋಗುತ್ತದೆ. ಆನೆ ಡಿ6ರಿಂದ ಚೆಕ್ ಕೊಡುತ್ತದೆ. ರಾಜ ಬಿ5, ಬಿ4, ಬಿ3 ಅಂತ ಇಳಿಯುತ್ತಾ ಬರುತ್ತಾನೆ, ಆನೆಯೂ ಪಕ್ಕದಲ್ಲೇ ಚೆಕ್ ಕೊಡುತ್ತಾ ಇಳಿಯುತ್ತದೆ. ಕೊನೆಗೆ ರಾಜ ಸಿ2. ಇನ್ನು ಕೆಲಸಕ್ಕೆ ಬರುವ ಚೆಕ್ ಇಲ್ಲ, ಆನೆಯ ಮೇಲೇ ಏಟು. ಕಪ್ಪಿನ ಕಥೆ ಮುಗಿಯಿತು ಅನಿಸುತ್ತದೆ, ಅಲ್ವಾ?

ಇಲ್ಲ. ಆನೆ ಡಿ4ಕ್ಕೆ ಬರುತ್ತದೆ! ಕೊನೆಯ ಸಾಲು ಮುಟ್ಟಿದ ಕಾಲಾಳನ್ನು ಬಿಳಿ ರಾಣಿ ಮಾಡಿಕೊಂಡರೆ ಆನೆ ಸಿ4ರಲ್ಲಿ ಚೆಕ್ ಕೊಡುತ್ತದೆ. ರಾಣಿ ಅದನ್ನು ಹೊಡೆದರೆ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆದರೆ ಕಪ್ಪಿಗೆ ಆಡಲು ನಡೆಯೂ ಇಲ್ಲ, ಆಟ ಡ್ರಾ), ಹೊಡೆಯದಿದ್ದರೆ ರಾಣಿಯೇ ಹೋಯಿತು. ಅದಕ್ಕೇ ಬಿಳಿ ಸಿ8ರಲ್ಲಿ ರಾಣಿ ಬಿಟ್ಟು ಆನೆ ಮಾಡಬೇಕು. ಈಗ ಎ8ರಿಂದ ಮೇಟ್ ಬೆದರಿಕೆ. ಕಪ್ಪು ಆನೆ ಎ4ಕ್ಕೆ ಓಡಿ ತಡೆದರೆ ರಾಜ ಬಿ3. ಆನೆಗೂ ಏಟು, ಸಿ1ರಲ್ಲಿ ಮೇಟ್ ಕೂಡ. ಎರಡನ್ನೂ ತಪ್ಪಿಸಲಾಗದು.

1895ರಲ್ಲಿ ಗ್ಲಾಸ್ಗೋದಲ್ಲಿ ಬಾರ್ಬಿಯೆ ತಮ್ಮ ಚೆಸ್ ಅಂಕಣದಲ್ಲಿ ಇದಕ್ಕೆ ಡ್ರಾ ಅಂತಲೇ ಉತ್ತರ ಹಾಕಿದ್ದರು. ಗೆಲುವು ಕಂಡದ್ದು ಫೆರ್ನಾಂಡೋ ಸಾವೆದ್ರಾ ಎಂಬ ಸ್ಪೇನಿನ ಪಾದ್ರಿಗೆ. ಆ ಒಂದು ನಡೆಯಿಂದ ಹೆಸರು ಉಳಿಯಿತು. ನನ್ನ ಮಟ್ಟಿಗೆ ಮಾತ್ರ ಈ ಸ್ಟಡಿಯ ಹೀರೋ ಡಿ4ರ ಆನೆ. ಕಪ್ಪು ಅಷ್ಟು ಮೊಂಡು ಹಿಡಿಯದಿದ್ದರೆ ಬಿಳಿ ಸುಮ್ನೆ ರಾಣಿ ಮಾಡಿ ಮನೆಗೆ ಹೋಗುತ್ತಿತ್ತು.

ಚೆಸ್ ಆಟಗಾರ ರಿಚರ್ಡ್ ರೇಟಿ ಕಟ್ಟಿದ 1921ರ ಸ್ಟಡಿಯೂ ಇಂಥದ್ದೇ. ಬಿಳಿ ರಾಜ ಎಚ್8ರ ಮೂಲೆಯಿಂದ ಓರೆಯಾಗಿ ಇಳಿದು, ತನ್ನ ಕಾಲಾಳನ್ನೂ ಕಾಯುತ್ತಾ ಎದುರಿನ ಕಾಲಾಳನ್ನೂ ಅಟ್ಟುತ್ತಾ ಡ್ರಾ ಮಾಡುತ್ತಾನೆ. ಎಲ್ಲರೂ ಆ ನಡಿಗೆಯನ್ನು ಹೊಗಳುತ್ತಾರೆ. ಆದರೆ ಕಪ್ಪು ರಾಜ ಬಿ6ಕ್ಕೆ ಬಂದು ಬಿಳಿ ಕಾಲಾಳನ್ನು ಹೊಡೆಯಲು ನಿಂತಾಗಲೇ ಬಿಳಿ ರಾಜ ಇ5ಕ್ಕೆ ಹೋಗುವುದರ ಸೊಗಸು ಕಾಣುವುದು.

ಏಳು ಕಾಯಿಯವರೆಗಿನ ಸ್ಥಿತಿಗಳಿಗೆಲ್ಲ ಈಗ ಟೇಬಲ್‌ಬೇಸ್, ಅಂದರೆ ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿಟ್ಟ ಉತ್ತರಗಳ ಪಟ್ಟಿ, ತಕ್ಷಣ ಉತ್ತರ ಕೊಡುತ್ತದೆ. ಬಿಡಿಸಿ ಆದ ಮೇಲೆ ನಾನೂ ನೋಡುತ್ತೇನೆ, ಮೊದಲೇ ನೋಡಿದರೆ ಮಧ್ಯಾಹ್ನವೇ ದಂಡ.

ಅಂದಹಾಗೆ, ಸಾವೆದ್ರಾದಲ್ಲಿ ಮೊದಲ ಚೆಕ್‌ಗೆ ರಾಜ ಸಿ5ಕ್ಕೆ ಹೋದರೆ ಏನಾಗುತ್ತದೆ ಅಂತ ನಾನು ಬೇಕಂತಲೇ ಬರೆದಿಲ್ಲ. ಕಪ್ಪು ಆನೆ ನಿಮ್ಮದು. ಡ್ರಾ ಮಾಡಿ.